ಎದುರು ಪೀಠದ ದನಿ

ಶಾಸನಸಭೆಯಲ್ಲಿ ಎರಡು ಪಕ್ಕಗಳಿರುತ್ತವೆ. ಒಂದು ಪಕ್ಕದಲ್ಲಿ ಸರ್ಕಾರ ನಡೆಸುವವರು ಕುಳಿತಿರುತ್ತಾರೆ; ಇನ್ನೊಂದು ಪಕ್ಕದಲ್ಲಿ ಆ ಸರ್ಕಾರವನ್ನು ಪ್ರಶ್ನಿಸುವವರು ಕುಳಿತಿರುತ್ತಾರೆ. ಮೊದಲನೆಯವರ ಕೆಲಸ ಎಲ್ಲರ ಕಣ್ಣಿಗೂ ಕಾಣುವಂಥದು. ಅವರು ಕಾನೂನು ಮಾಡುತ್ತಾರೆ, ತೆರಿಗೆ ವಿಧಿಸುತ್ತಾರೆ, ರಸ್ತೆ ಸೇತುವೆಗಳನ್ನು ಕಟ್ಟಿಸುತ್ತಾರೆ. ಎರಡನೆಯವರ ಕೆಲಸ ಅಷ್ಟು ಸುಲಭವಾಗಿ ಕಾಣುವುದಿಲ್ಲ. ಅವರು ಮಾತನಾಡುತ್ತಾರೆ, ಮತಕ್ಕೆ ಹಾಕಿದಾಗ ಸೋಲುತ್ತಾರೆ, ಮರುದಿನ ಮತ್ತೆ ಬಂದು ಮಾತನಾಡುತ್ತಾರೆ. ಸೋಲು ಖಚಿತವೆಂದು ತಿಳಿದಿದ್ದರೂ ಮಾತನಾಡುವುದರಿಂದ ಪ್ರಯೋಜನವೇನು ಎಂಬ ಪ್ರಶ್ನೆ ಯಾರಿಗಾದರೂ ಏಳುವುದು ಸಹಜ. ಐರ್ಲೆಂಡ್ ದೇಶದ ಸಂಸತ್ತಿನ ಆರಂಭದ ವರ್ಷಗಳ ಇತಿಹಾಸದಲ್ಲಿ ಈ ಪ್ರಶ್ನೆಗೆ ಉತ್ತರ ದೊರೆಯುತ್ತದೆ.

ಐರ್ಲೆಂಡ್ ಯುರೋಪ್ ಖಂಡದ ಪಶ್ಚಿಮದ ಅಂಚಿನಲ್ಲಿರುವ ದ್ವೀಪ. ಹನ್ನೆರಡನೆಯ ಶತಮಾನದಿಂದ ಇಂಗ್ಲೆಂಡಿನ ಪ್ರಭುತ್ವ ಅಲ್ಲಿ ಕಾಲೂರುತ್ತ ಬಂದಿತು. ಡಬ್ಲಿನ್ ನಗರದಲ್ಲಿದ್ದ ಐರಿಷ್ ಸಂಸತ್ತು 1801ರಲ್ಲಿ ಇಲ್ಲವಾಯಿತು. ಅಂದಿನಿಂದ ಐರಿಷ್ ಜನರ ಪ್ರತಿನಿಧಿಗಳು ಸಮುದ್ರ ದಾಟಿ ಲಂಡನ್ನಿಗೆ ಹೋಗಿ, ಅಲ್ಲಿನ ಸಂಸತ್ತಿನಲ್ಲಿ ಅಲ್ಪಸಂಖ್ಯಾತರಾಗಿ ಕುಳಿತುಕೊಳ್ಳಬೇಕಾಯಿತು. 1916ರಲ್ಲಿ ಡಬ್ಲಿನ್ನಿನಲ್ಲಿ ನಡೆದ ದಂಗೆಯನ್ನು ಬ್ರಿಟಿಷರು ಅಡಗಿಸಿದರೂ ಸ್ವಾತಂತ್ರ್ಯದ ಹಂಬಲವನ್ನು ಅಡಗಿಸಲಾಗಲಿಲ್ಲ. 1918ರ ಡಿಸೆಂಬರಿನಲ್ಲಿ ನಡೆದ ಚುನಾವಣೆಯಲ್ಲಿ ಐರ್ಲೆಂಡಿನ 105 ಸ್ಥಾನಗಳ ಪೈಕಿ 73 ಸ್ಥಾನಗಳನ್ನು ಶಿನ್ ಫೇನ್ ಎಂಬ ರಾಷ್ಟ್ರೀಯ ಪಕ್ಷ ಗೆದ್ದುಕೊಂಡಿತು. ಗೆದ್ದವರು ಲಂಡನ್ನಿಗೆ ಹೋಗಲಿಲ್ಲ. 1919ರ ಜನವರಿ 21ರಂದು ಡಬ್ಲಿನ್ನಿನಲ್ಲಿಯೇ ಸೇರಿ, ತಮ್ಮದೇ ಆದ ಸಂಸತ್ತನ್ನು ಸ್ಥಾಪಿಸಿಕೊಂಡರು. ಅದಕ್ಕೆ ಐರಿಷ್ ಭಾಷೆಯಲ್ಲಿ ‘ಡಾಲ್ ಏರನ್’, ಎಂದರೆ ‘ಐರ್ಲೆಂಡಿನ ಸಭೆ’ ಎಂದು ಹೆಸರಿಟ್ಟರು. ಚುನಾಯಿತರಲ್ಲಿ ಅನೇಕರು ಆಗ ಸೆರೆಮನೆಯಲ್ಲಿದ್ದುದರಿಂದ ಮೊದಲ ದಿನ ಕೂಡಿದವರ ಸಂಖ್ಯೆ ಮೂವತ್ತನ್ನು ಸಹ ಮುಟ್ಟಲಿಲ್ಲ.

ಮುಂದೆ ಎರಡೂವರೆ ವರ್ಷಗಳ ಕಾಲ ಬ್ರಿಟಿಷ್ ಪಡೆಗಳಿಗೂ ಐರಿಷ್ ಗೆರಿಲ್ಲಾ ಪಡೆಗಳಿಗೂ ಕಾದಾಟ ನಡೆಯಿತು. 1921ರ ಡಿಸೆಂಬರ್ 6ರಂದು ಎರಡು ಪಕ್ಷಗಳೂ ಒಪ್ಪಂದಕ್ಕೆ ಸಹಿ ಹಾಕಿದವು. ಅದರಂತೆ ಐರ್ಲೆಂಡಿಗೆ ‘ಐರಿಷ್ ಸ್ವತಂತ್ರ ರಾಜ್ಯ’ ಎಂಬ ಹೆಸರಿನಿಂದ ಸ್ವಯಮಾಡಳಿತ ದೊರೆಯಿತು. ಆದರೆ ಉತ್ತರದ ಆರು ಜಿಲ್ಲೆಗಳು ಬ್ರಿಟನ್ನಿನೊಡನೆಯೇ ಉಳಿದವು. ಅಲ್ಲದೆ ಡಾಲ್ ಸಭೆಯ ಪ್ರತಿಯೊಬ್ಬ ಸದಸ್ಯನೂ ಬ್ರಿಟನ್ನಿನ ದೊರೆಗೆ ನಿಷ್ಠನಾಗಿರುವೆನೆಂದು ಪ್ರಮಾಣವಚನ ಸ್ವೀಕರಿಸಬೇಕಾಯಿತು. ದೊರಕಿದಷ್ಟನ್ನು ಹಿಡಿದು ಮುಂದೆ ಸಾಗೋಣವೆಂದು ಕೆಲವರು ವಾದಿಸಿದರು. ದೊರೆಯ ಹೆಸರಿನಲ್ಲಿ ಪ್ರಮಾಣ ಮಾಡುವುದು ಸತ್ತವರಿಗೆ ಬಗೆದ ದ್ರೋಹವೆಂದು ಏಮನ್ ಡಿ ವೆಲೆರಾ ಮತ್ತು ಅವರ ಸಂಗಡಿಗರು ವಾದಿಸಿದರು. 1922ರ ಜನವರಿಯಲ್ಲಿ ಡಾಲ್ ಸಭೆ 57ರ ವಿರುದ್ಧ 64 ಮತಗಳಿಂದ ಒಪ್ಪಂದವನ್ನು ಅಂಗೀಕರಿಸಿತು. ಸೋತವರು ಆ ತೀರ್ಪಿಗೆ ತಲೆಬಾಗಲಿಲ್ಲ. ಜೂನ್ ತಿಂಗಳ ಕೊನೆಗೆ, ನಿನ್ನೆಯವರೆಗೆ ಹೆಗಲಿಗೆ ಹೆಗಲು ಕೊಟ್ಟು ಹೋರಾಡಿದವರ ನಡುವೆಯೇ ಅಂತರ್ಯುದ್ಧ ಹೊತ್ತಿಕೊಂಡಿತು.

ಇಂಥ ದುರ್ದಿನದಲ್ಲಿ, 1922ರ ಸೆಪ್ಟೆಂಬರ್ 9ರಂದು, ಹೊಸದಾಗಿ ಚುನಾಯಿತವಾದ ಡಾಲ್ ಸಭೆ ಸೇರಿತು. ಸರ್ಕಾರದ ಇಬ್ಬರು ಹಿರಿಯ ನಾಯಕರಲ್ಲಿ ಆರ್ಥರ್ ಗ್ರಿಫಿತ್ ಹಿಂದಿನ ತಿಂಗಳಷ್ಟೇ ತೀರಿಕೊಂಡಿದ್ದರು. ಮೈಕೆಲ್ ಕಾಲಿನ್ಸ್ ಅದೇ ತಿಂಗಳು ಗುಂಡಿಗೆ ಬಲಿಯಾಗಿದ್ದರು. ವಿಲಿಯಂ ಕಾಸ್‌ಗ್ರೇವ್ ಸರ್ಕಾರದ ಮುಖ್ಯಸ್ಥರಾದರು. ಒಪ್ಪಂದವನ್ನು ವಿರೋಧಿಸಿದ ಸದಸ್ಯರು ಸಭೆಗೆ ಕಾಲಿಡಲಿಲ್ಲ. ಅವರ ಸ್ಥಾನಗಳು ಬರಿದಾಗಿದ್ದವು. ಆಗ ಎದುರು ಪೀಠಗಳಲ್ಲಿ ಕುಳಿತವರು ಯಾರು? ಕೆಲವು ಮಂದಿ ರೈತಪ್ರತಿನಿಧಿಗಳು, ಕೆಲವು ಮಂದಿ ಪಕ್ಷೇತರರು. ಅವರೊಡನೆ ಕಾರ್ಮಿಕ ಪಕ್ಷದ 17 ಮಂದಿ. ಆ ಪಕ್ಷ 18 ಅಭ್ಯರ್ಥಿಗಳನ್ನು ಮಾತ್ರ ನಿಲ್ಲಿಸಿ, 17 ಮಂದಿಯನ್ನು ಗೆಲ್ಲಿಸಿಕೊಂಡು ಬಂದಿತ್ತು. ಅದರ ನಾಯಕರೇ ಥಾಮಸ್ ಜಾನ್ಸನ್.

ಜಾನ್ಸನ್ನರು ಹುಟ್ಟಿದ್ದು 1872ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ. ಎಳೆಯ ವಯಸ್ಸಿನಲ್ಲಿಯೇ ದುಡಿಮೆಗೆ ಇಳಿದು, ಮೀನು ವ್ಯಾಪಾರದ ಸಂಸ್ಥೆಯೊಂದರ ಕೆಲಸದ ಮೇಲೆ ಐರ್ಲೆಂಡಿನ ಕರಾವಳಿಗೆ ಬಂದರು. ಅನಂತರ ಬೆಲ್‌ಫಾಸ್ಟ್ ನಗರದಲ್ಲಿ ನೆಲೆಸಿ ಕಾರ್ಮಿಕ ಸಂಘಟನೆಯಲ್ಲಿ ತೊಡಗಿದರು. 1919ರಲ್ಲಿ ಮೊದಲ ಡಾಲ್ ಸಭೆ ಅಂಗೀಕರಿಸಿದ ಸಾಮಾಜಿಕ ಕಾರ್ಯಕ್ರಮದ ಕರಡನ್ನು ಬರೆದವರಲ್ಲಿ ಅವರು ಪ್ರಮುಖರು. ದೇಶದ ಯಾವ ಮಗುವೂ ಹಸಿವಿನಿಂದಾಗಲಿ ಚಳಿಯಿಂದಾಗಲಿ ನರಳದಂತೆ ನೋಡಿಕೊಳ್ಳುವುದು ಸರ್ಕಾರದ ಪ್ರಥಮ ಕರ್ತವ್ಯವೆಂಬ ಆಶಯ ಅದರಲ್ಲಿತ್ತು. ಬಂದೂಕಿನ ದಾರಿಯಲ್ಲಿ ಜಾನ್ಸನ್ನರಿಗೆ ನಂಬಿಕೆಯಿರಲಿಲ್ಲ. ಅವರ ನಂಬಿಕೆಯೆಲ್ಲ ನಿಯಮ, ಅಂಕಿ ಅಂಶ ಮತ್ತು ವಾದಗಳಲ್ಲಿ ನೆಲೆಸಿತ್ತು.

ಅವರಿಗೆ ಒದಗಿದ ಮೊದಲ ಕಠಿಣ ಪರೀಕ್ಷೆ ಬಹುಬೇಗ ಬಂದಿತು. ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಸರ್ಕಾರ ಒಂದು ಗೊತ್ತುವಳಿಯನ್ನು ಸದನದ ಮುಂದಿಟ್ಟಿತು. ಆಯುಧ ಹೊಂದಿ ಸಿಕ್ಕಿಬಿದ್ದವರನ್ನು ಸೇನೆಯ ನ್ಯಾಯಮಂಡಲಿಗಳೇ ವಿಚಾರಿಸಿ ಮರಣದಂಡನೆಯನ್ನು ಸಹ ವಿಧಿಸಬಹುದೆಂಬುದು ಅದರ ಸಾರ. ರಾಜ್ಯ ಉಳಿಯಬೇಕಾದರೆ ಇದು ಅನಿವಾರ್ಯವೆಂದು ಸರ್ಕಾರ ಹೇಳಿತು. ಜಾನ್ಸನ್ನರು ಇದನ್ನು ವಿರೋಧಿಸಿದರು. ದಂಗೆಕೋರರ ಹಾದಿಯನ್ನು ಅವರು ಮೆಚ್ಚಿದವರಲ್ಲ. ಆದರೆ ನ್ಯಾಯಾಲಯದ ಕೆಲಸವನ್ನು ಸೈನಿಕರ ಕೈಗೆ ಒಪ್ಪಿಸಿದರೆ ಅದಕ್ಕೆ ಮಿತಿ ಹಾಕುವವರು ಯಾರು ಎಂಬುದು ಅವರ ಆತಂಕ. ಗೊತ್ತುವಳಿ ದೊಡ್ಡ ಬಹುಮತದಿಂದ ಅಂಗೀಕಾರವಾಯಿತು. ನವೆಂಬರ್ 17ರಂದು ಮೊದಲ ನಾಲ್ವರು ಯುವಕರನ್ನು ಗುಂಡಿಕ್ಕಿ ಕೊಲ್ಲಲಾಯಿತು.

ಡಿಸೆಂಬರ್ 6ರಂದು ಐರಿಷ್ ಸ್ವತಂತ್ರ ರಾಜ್ಯ ವಿಧಿವತ್ತಾಗಿ ಅಸ್ತಿತ್ವಕ್ಕೆ ಬಂದಿತು. ಮರುದಿನವೇ ಡಾಲ್ ಸದಸ್ಯ ಷಾನ್ ಹೇಲ್ಸ್ ಅವರನ್ನು ವಿರೋಧಿಗಳು ಡಬ್ಲಿನ್ನಿನಲ್ಲಿ ಗುಂಡಿಟ್ಟು ಕೊಂದರು. ಸರ್ಕಾರ ಕೂಡಲೇ ಪ್ರತೀಕಾರಕ್ಕೆ ಮುಂದಾಯಿತು. 8ರ ಬೆಳಗ್ಗೆ ಮೌಂಟ್‌ಜಾಯ್ ಸೆರೆಮನೆಯಲ್ಲಿದ್ದ ರೋರಿ ಓಕಾನರ್, ಲಿಯಮ್ ಮೆಲೋಸ್, ಜೋ ಮೆಕೆಲ್ವಿ ಮತ್ತು ರಿಚರ್ಡ್ ಬ್ಯಾರೆಟ್ ಎಂಬ ನಾಲ್ವರು ನಾಯಕರನ್ನು ಯಾವ ವಿಚಾರಣೆಯೂ ಇಲ್ಲದೆ ಕೊಲ್ಲಲಾಯಿತು. ಅವರು ಸೆರೆಸಿಕ್ಕಿದ್ದು ಬೇಸಗೆಯಲ್ಲಿ; ಮರಣದಂಡನೆಯ ಅಧಿಕಾರ ಸೇನೆಗೆ ಸಿಕ್ಕಿದ್ದು ಅದಾದ ಮೇಲೆ. ಹೇಲ್ಸರ ಕೊಲೆ ನಡೆದಾಗ ಅವರು ಸೆರೆಮನೆಯ ಗೋಡೆಗಳ ಒಳಗಿದ್ದರು. ಈ ಆಜ್ಞೆಗೆ ಒಪ್ಪಿಗೆ ಕೊಟ್ಟ ಮಂತ್ರಿಗಳಲ್ಲಿ ಕೆವಿನ್ ಓಹಿಗ್ಗಿನ್ಸ್ ಒಬ್ಬರು. ಸುಮಾರು ಒಂದು ವರ್ಷದ ಹಿಂದೆ ಅವರ ಮದುವೆಯಲ್ಲಿ ವರನ ಜೊತೆಗಾರನಾಗಿ ನಿಂತಿದ್ದವರು ಇದೇ ರೋರಿ ಓಕಾನರ್. ಅಂತರ್ಯುದ್ಧ ಎಂಥ ಬಾಂಧವ್ಯಗಳನ್ನು ಕಡಿದುಹಾಕಿತೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಅದೇ ದಿನ ಡಾಲ್ ಸಭೆ ಸೇರಿತು. ಸಹಸದಸ್ಯನೊಬ್ಬ ಕೊಲೆಯಾಗಿದ್ದ ಸಮಯ. ಸದನದ ಮನಸ್ಸು ಕುದಿಯುತ್ತಿತ್ತು. ಆ ಹೊತ್ತಿನಲ್ಲಿ ಸರ್ಕಾರವನ್ನು ಟೀಕಿಸುವುದೆಂದರೆ ಕೊಲೆಗಾರರ ಪಕ್ಷ ವಹಿಸಿದಂತೆ ತೋರುವ ಅಪಾಯವಿತ್ತು. ಆದರೂ ಜಾನ್ಸನ್ನರು ಎದ್ದು ನಿಂತರು. ಹೇಲ್ಸರ ಹತ್ಯೆಯನ್ನು ಖಂಡಿಸಿದಷ್ಟೇ ಸ್ಪಷ್ಟವಾಗಿ ಆ ನಾಲ್ವರ ಹತ್ಯೆಯನ್ನೂ ಖಂಡಿಸಿದರು. ಇನ್ನೊಬ್ಬರ ಅಪರಾಧಕ್ಕಾಗಿ ಸೆರೆಯಾಳುಗಳನ್ನು ಕೊಲ್ಲುವುದು ಕಾನೂನಿನ ಯಾವ ಅರ್ಥದಲ್ಲಿಯೂ ಶಿಕ್ಷೆಯಾಗದೆಂದೂ, ಹೊಸ ರಾಜ್ಯವನ್ನು ಅದು ಹುಟ್ಟಿದ ಗಳಿಗೆಯಲ್ಲಿಯೇ ಸರ್ಕಾರ ಕೊಂದಂತಾಯಿತೆಂದೂ ಮಂತ್ರಿಗಳ ಮುಖಕ್ಕೆ ನೇರವಾಗಿ ಹೇಳಿದರು. ಆ ರಾಜ್ಯಕ್ಕೆ ಅಂದಿಗೆ ಎರಡು ದಿನಗಳ ವಯಸ್ಸು. ಮತ ಎಣಿಸಿದಾಗ ಸದನ ಸರ್ಕಾರದ ಪರವಾಗಿಯೇ ನಿಂತಿತು. ಮರಣದಂಡನೆಗಳೂ ನಿಲ್ಲಲಿಲ್ಲ, 1923ರ ಮೇ ತಿಂಗಳಲ್ಲಿ ಅಂತರ್ಯುದ್ಧ ಮುಗಿಯುವ ಹೊತ್ತಿಗೆ ಅವುಗಳ ಸಂಖ್ಯೆ ಎಪ್ಪತ್ತನ್ನು ಮೀರಿತ್ತು.

ಹಾಗಾದರೆ ಜಾನ್ಸನ್ನರ ಮಾತು ವ್ಯರ್ಥವಾಯಿತೆ? ಅವರ ಮುಂದೆ ಇನ್ನೆರಡು ದಾರಿಗಳಿದ್ದವು. ಸರ್ಕಾರದ ಕೃತ್ಯವನ್ನು ಸಹಿಸಲಾರದೆ ಸದನವನ್ನು ಬಿಟ್ಟು ಹೊರನಡೆಯಬಹುದಾಗಿತ್ತು. ಇಲ್ಲವೆ ಕಾಲ ಕೆಟ್ಟದ್ದೆಂದು ಸುಮ್ಮನೆ ಕುಳಿತುಬಿಡಬಹುದಾಗಿತ್ತು. ಅವರು ಎರಡನ್ನೂ ಒಲ್ಲದೆ ಒಳಗಿದ್ದುಕೊಂಡೇ ವಿರೋಧಿಸಿದರು. ಸರ್ಕಾರದ ಕಡೆಯವರಿಗೆ ಅವರು ಕಿರುಕುಳದ ಮನುಷ್ಯನಾಗಿ ಕಂಡರು. ಹೊರಗೆ ಉಳಿದವರಿಗೆ ಅನ್ಯಾಯದ ಸಭೆಯೊಂದಕ್ಕೆ ಶೋಭೆ ತರುವವರಾಗಿ ಕಂಡರು. ಎರಡು ಕಡೆಯ ನಿಂದೆಯನ್ನೂ ತಾಳಿಕೊಂಡು ಅವರು ದಿನದಿನವೂ ಸದನಕ್ಕೆ ಬಂದರು. ಸಂವಿಧಾನದ ಕರಡಿಗೆ ಅನೇಕ ತಿದ್ದುಪಡಿಗಳನ್ನು ಸೂಚಿಸಿದರು. 1924ರಲ್ಲಿ ಸರ್ಕಾರ ಖರ್ಚು ತಗ್ಗಿಸುವ ನೆಪದಲ್ಲಿ ವೃದ್ಧರಿಗೆ ವಾರಕ್ಕೆ ಸಲ್ಲುತ್ತಿದ್ದ 10 ಷಿಲಿಂಗುಗಳ ವೇತನದಿಂದ ಒಂದು ಷಿಲಿಂಗನ್ನು ಕಡಿದಾಗ ಅವರ ಪಕ್ಷ ಪ್ರಬಲವಾಗಿ ಪ್ರತಿಭಟಿಸಿತು. ಹೀಗೆ ಐದು ವರ್ಷಗಳ ಕಾಲ, ಸರ್ಕಾರ ತನ್ನ ಪ್ರತಿಯೊಂದು ಕೃತ್ಯಕ್ಕೂ ಕಾರಣ ಹೇಳಲೇಬೇಕಾದ ಒಂದು ಸ್ಥಳ ಐರ್ಲೆಂಡಿನಲ್ಲಿ ಉಳಿದುಕೊಂಡಿತು.

ಈ ನಡುವೆ ಹೊರಗೆ ಉಳಿದವರ ಮನಸ್ಸಿನಲ್ಲಿಯೂ ಬದಲಾವಣೆ ಕಾಣತೊಡಗಿತು. ಗೆದ್ದರೂ ಸಭೆಗೆ ಹೋಗದ ಪ್ರತಿನಿಧಿಯಿಂದ ಮತದಾರನಿಗೆ ಏನು ಲಾಭ? ಈ ಪ್ರಶ್ನೆಯನ್ನು ಡಿ ವೆಲೆರಾ ಎದುರಿಸಲೇಬೇಕಾಯಿತು. 1926ರಲ್ಲಿ ಅವರು ಶಿನ್ ಫೇನ್ ಪಕ್ಷವನ್ನು ತೊರೆದು ಫಿಯಾನ ಫಾಲ್ ಎಂಬ ಹೊಸ ಪಕ್ಷವನ್ನು ಕಟ್ಟಿದರು. 1927ರ ಜೂನ್ ಚುನಾವಣೆಯಲ್ಲಿ ಅದಕ್ಕೆ 44 ಸ್ಥಾನಗಳು ದೊರೆತವು. ಆಳುವ ಪಕ್ಷಕ್ಕೆ 47, ಕಾರ್ಮಿಕ ಪಕ್ಷಕ್ಕೆ 22. ಆದರೆ ಪ್ರಮಾಣವಚನದ ಅಡ್ಡಿ ಹಾಗೆಯೇ ಇತ್ತು. ಡಿ ವೆಲೆರಾ ತಮ್ಮ ಸದಸ್ಯರೊಡನೆ ಸಂಸತ್ ಭವನದವರೆಗೆ ಹೋಗಿ, ಪ್ರಮಾಣ ಮಾಡಲೊಪ್ಪದೆ ಹಿಂದಿರುಗಿದರು.

ಜುಲೈ 10ರಂದು ದೇಶವನ್ನೇ ನಡುಗಿಸಿದ ಘಟನೆಯೊಂದು ನಡೆಯಿತು. ಆಗ ನ್ಯಾಯಮಂತ್ರಿಯಾಗಿದ್ದ ಕೆವಿನ್ ಓಹಿಗ್ಗಿನ್ಸ್ ಭಾನುವಾರದ ಪ್ರಾರ್ಥನೆಗೆಂದು ಇಗರ್ಜಿಗೆ ನಡೆದುಹೋಗುತ್ತಿದ್ದಾಗ ಗುಂಡಿಗೆ ಬಲಿಯಾದರು. ಐದು ವರ್ಷಗಳ ಹಿಂದಿನ ರಕ್ತದ ಲೆಕ್ಕ ಇನ್ನೂ ಮುಗಿದಿರಲಿಲ್ಲ. ಸರ್ಕಾರ ಕಠಿಣವಾದ ಭದ್ರತಾ ಮಸೂದೆಯನ್ನು ತಂದಿತು. ಅದರ ಜೊತೆಗೆ, ಗೆದ್ದ ಮೇಲೆ ಪ್ರಮಾಣವಚನ ಸ್ವೀಕರಿಸದವರ ಸ್ಥಾನ ರದ್ದಾಗುವಂತೆ ಇನ್ನೊಂದು ಮಸೂದೆಯನ್ನೂ ತಂದಿತು. ಡಿ ವೆಲೆರಾ ಅವರಿಗೆ ಈಗ ಉಳಿದದ್ದು ಎರಡೇ ಮಾರ್ಗ: ಒಳಗೆ ಬರುವುದು, ಇಲ್ಲವೆ ರಾಜಕೀಯದಿಂದಲೇ ಹೊರಗೆ ಉಳಿಯುವುದು. ಆಗಸ್ಟ್ ತಿಂಗಳಲ್ಲಿ ಅವರು ಮತ್ತು ಅವರ ಸಂಗಡಿಗರು, ತಾವು ಪ್ರಮಾಣ ಮಾಡುತ್ತಿಲ್ಲ, ಬರಿಯ ಒಂದು ಪುಸ್ತಕದಲ್ಲಿ ಹೆಸರು ಬರೆಯುತ್ತಿದ್ದೇವೆ ಎಂದು ಹೇಳಿ ಸಹಿ ಹಾಕಿ ಡಾಲ್ ಸಭೆಯನ್ನು ಪ್ರವೇಶಿಸಿದರು. ಬರಿದಾಗಿದ್ದ ಪೀಠಗಳು ತುಂಬಿದವು.

ಜಾನ್ಸನ್ನರು ಕೂಡಲೇ ಸರ್ಕಾರದ ಮೇಲೆ ಅವಿಶ್ವಾಸ ಗೊತ್ತುವಳಿಯನ್ನು ಮಂಡಿಸಿದರು. ಕಾರ್ಮಿಕ ಪಕ್ಷ ಮತ್ತು ನ್ಯಾಷನಲ್ ಲೀಗ್ ಎಂಬ ಸಣ್ಣ ಪಕ್ಷ ಕೂಡಿ ಸರ್ಕಾರ ರಚಿಸುವುದು, ಫಿಯಾನ ಫಾಲ್ ಹೊರಗಿನಿಂದ ಬೆಂಬಲ ಕೊಡುವುದು ಎಂದು ಮಾತಾಗಿತ್ತು. ಗೊತ್ತುವಳಿ ಗೆದ್ದರೆ ಜಾನ್ಸನ್ನರೇ ಸರ್ಕಾರದ ಮುಖ್ಯಸ್ಥರು. ಆಗಸ್ಟ್ 16ರಂದು ಮತದಾನ ನಡೆಯಿತು. ಕಾರ್ಮಿಕ ಪಕ್ಷದ ಸದಸ್ಯರೊಬ್ಬರು ವಿದೇಶದಲ್ಲಿದ್ದರು. ನ್ಯಾಷನಲ್ ಲೀಗಿನ ಜಾನ್ ಜಿಂಕ್ಸ್ ಎಂಬ ಸದಸ್ಯರು ಮತದಾನದ ಹೊತ್ತಿಗೆ ಸದನದಲ್ಲಿ ಕಾಣಲಿಲ್ಲ. ಅವರು ಏಕೆ ಮಾಯವಾದರೆಂಬುದನ್ನು ಕುರಿತು ಮುಂದೆ ಹಲವು ರಸವತ್ತಾದ ಕಥೆಗಳು ಹುಟ್ಟಿಕೊಂಡವು. ಮತಗಳನ್ನು ಎಣಿಸಿದಾಗ ಎರಡು ಕಡೆಗೂ 71 ಇದ್ದವು. ಸಭಾಧ್ಯಕ್ಷರಾಗಿದ್ದ ಮೈಕೆಲ್ ಹೇಯ್ಸ್ ತಮ್ಮ ನಿರ್ಣಾಯಕ ಮತವನ್ನು ಸರ್ಕಾರದ ಪರವಾಗಿ ಚಲಾಯಿಸಿದರು. ಒಂದೇ ಒಂದು ಮತದಿಂದ ಕಾಸ್‌ಗ್ರೇವರ ಸರ್ಕಾರ ಉಳಿಯಿತು. ಐದು ವರ್ಷಗಳ ಹಿಂದೆ ಬಂದೂಕಿನಿಂದ ಇತ್ಯರ್ಥವಾಗುತ್ತಿದ್ದ ಜಗಳ ಅಂದು ತಲೆ ಎಣಿಸುವುದರಿಂದ ಇತ್ಯರ್ಥವಾಯಿತು. ಸೋತವರಾರೂ ಆಯುಧಕ್ಕೆ ಕೈಹಾಕಲಿಲ್ಲ.

ಕಾಸ್‌ಗ್ರೇವ್ ಡಾಲ್ ಸಭೆಯನ್ನು ವಿಸರ್ಜಿಸಿ, ಸೆಪ್ಟೆಂಬರಿನಲ್ಲಿ ಮತ್ತೆ ಚುನಾವಣೆ ನಡೆಸಿದರು. ಅದರಲ್ಲಿ ಅವರ ಪಕ್ಷಕ್ಕೆ 62, ಫಿಯಾನ ಫಾಲ್ ಪಕ್ಷಕ್ಕೆ 57 ಸ್ಥಾನಗಳು ಲಭಿಸಿದವು. ಕಾರ್ಮಿಕ ಪಕ್ಷ 13 ಸ್ಥಾನಗಳಿಗೆ ಇಳಿಯಿತು. ಜಾನ್ಸನ್ನರು ತಮ್ಮ ಸ್ವಂತ ಕ್ಷೇತ್ರದಲ್ಲಿಯೇ ಸೋತರು. ಮಂತ್ರಿಯಾಗುವ ಯೋಗ ಅವರಿಗೆ ಎಂದೂ ಒದಗಲಿಲ್ಲ. ಕೆಲವು ವರ್ಷ ಮೇಲ್ಮನೆಯ ಸದಸ್ಯರಾಗಿದ್ದು, 1963ರಲ್ಲಿ ಅವರು ಕಾಲವಾದರು.

ಆದರೆ ಅವರು ಖಾಲಿ ಸದನದಲ್ಲಿ ಕಾಪಾಡಿಕೊಂಡು ಬಂದ ಪರಿಪಾಠ ಉಳಿಯಿತು. 1932ರ ಫೆಬ್ರವರಿ ಚುನಾವಣೆಯಲ್ಲಿ ಡಿ ವೆಲೆರಾ ಅವರ ಪಕ್ಷ 72 ಸ್ಥಾನಗಳನ್ನು ಗಳಿಸಿತು. ಅಂತರ್ಯುದ್ಧದಲ್ಲಿ ಗೆದ್ದವರು ತಾವು ಸೋಲಿಸಿದವರ ಕೈಗೆ ಸೇನೆಯನ್ನೂ ಆರಕ್ಷಕ ದಳವನ್ನೂ ಬೊಕ್ಕಸವನ್ನೂ ಒಪ್ಪಿಸುವರೆಂಬ ನಂಬಿಕೆ ಅನೇಕರಿಗೆ ಇರಲಿಲ್ಲ. ಮಾರ್ಚ್ 9ರಂದು ಹೊಸ ಡಾಲ್ ಸೇರಿದಾಗ ಕೆಲವು ಸದಸ್ಯರು ಜೇಬಿನಲ್ಲಿ ಪಿಸ್ತೂಲು ಇರಿಸಿಕೊಂಡು ಬಂದಿದ್ದರೆಂದು ಹೇಳುತ್ತಾರೆ. ಪಿಸ್ತೂಲುಗಳ ಅಗತ್ಯ ಬೀಳಲಿಲ್ಲ. 68ರ ವಿರುದ್ಧ 81 ಮತಗಳಿಂದ ಡಿ ವೆಲೆರಾ ಆಯ್ಕೆಯಾದರು. ಕಾರ್ಮಿಕ ಪಕ್ಷ ಅವರಿಗೆ ಬೆಂಬಲವಿತ್ತಿತು. ಕಾಸ್‌ಗ್ರೇವ್ ಶಾಂತವಾಗಿ ಅಧಿಕಾರವನ್ನು ಬಿಟ್ಟುಕೊಟ್ಟು ಎದುರು ಪೀಠಕ್ಕೆ ನಡೆದರು. ಹತ್ತು ವರ್ಷ ದೇಶವನ್ನು ಆಳಿದ ಅವರು ಮುಂದೆ ಹನ್ನೆರಡು ವರ್ಷ ಅದೇ ಸದನದಲ್ಲಿ ವಿರೋಧ ಪಕ್ಷದವರಾಗಿ ದುಡಿದರು. ವಿವಾದಕ್ಕೆ ಮೂಲವಾಗಿದ್ದ ಪ್ರಮಾಣವಚನವನ್ನು 1933ರಲ್ಲಿ ಸಂಸತ್ತಿನ ಕಾನೂನಿನಿಂದಲೇ ತೆಗೆದುಹಾಕಲಾಯಿತು.

1937ರಲ್ಲಿ ಜನಮತದಿಂದ ಅಂಗೀಕೃತವಾದ ಐರ್ಲೆಂಡಿನ ಸಂವಿಧಾನ ಸರ್ಕಾರವನ್ನು ಡಾಲ್ ಸಭೆಗೆ ಉತ್ತರವಾದಿಯನ್ನಾಗಿ ಮಾಡಿದೆ. ಅಲ್ಲಿ ಪ್ರಧಾನಮಂತ್ರಿಯನ್ನು ‘ಟೀಶಕ್’ ಎಂದು ಕರೆಯುತ್ತಾರೆ. ಡಾಲ್ ಸಭೆಯಲ್ಲಿ ಬಹುಮತದ ಬೆಂಬಲವನ್ನು ಕಳೆದುಕೊಂಡ ಟೀಶಕ್ ರಾಜೀನಾಮೆ ಕೊಡಬೇಕು, ಇಲ್ಲವೆ ಸಭೆ ವಿಸರ್ಜನೆಯಾಗಿ ಜನರ ಮುಂದೆ ಹೋಗಬೇಕು. ಮಂತ್ರಿಗಳಿಗೆ ಪ್ರಶ್ನೆಗಳನ್ನು ಹಾಕುವುದು, ಮಸೂದೆಗಳಿಗೆ ತಿದ್ದುಪಡಿ ತರುವುದು, ಅವಿಶ್ವಾಸವನ್ನು ಸೂಚಿಸುವುದು ವಿರೋಧ ಪಕ್ಷಗಳ ಸಾಧನಗಳು. ಇವುಗಳ ಜೊತೆಗೆ, ವಿರೋಧ ಪಕ್ಷಗಳ ನಾಯಕರು ಟೀಶಕ್‌ರನ್ನು ನೇರವಾಗಿ ಪ್ರಶ್ನಿಸುವುದಕ್ಕೆಂದೇ ಮೀಸಲಾದ ಸಮಯವೂ ಕಾರ್ಯಕಲಾಪದಲ್ಲಿ ಸೇರಿದೆ.

ಈ ಸಾಧನಗಳು ಬರಿಯ ಅಲಂಕಾರವಲ್ಲವೆಂಬುದಕ್ಕೆ ಒಂದು ನಿದರ್ಶನ ಸಾಕು. 1982ರ ಜನವರಿ 27ರಂದು ಗ್ಯಾರೆಟ್ ಫಿಟ್ಸ್‌ಜೆರಾಲ್ಡ್ ಅವರ ಸರ್ಕಾರ ತನ್ನ ಮುಂಗಡಪತ್ರವನ್ನು ಮಂಡಿಸಿತು. ಬಟ್ಟೆಬರೆ ಮತ್ತು ಪಾದರಕ್ಷೆಗಳ ಮೇಲೆ ತೆರಿಗೆ ಹಾಕುವ ಸಲಹೆ ಅದರಲ್ಲಿತ್ತು. ಮಕ್ಕಳ ಪಾದರಕ್ಷೆಗಳಿಗೂ ಅದರಿಂದ ವಿನಾಯಿತಿಯಿರಲಿಲ್ಲ. ವಿರೋಧ ಪಕ್ಷದವರೂ ಕೆಲವು ಪಕ್ಷೇತರರೂ ಅದನ್ನು ಒಪ್ಪಲಿಲ್ಲ. 81ರ ವಿರುದ್ಧ 82 ಮತಗಳಿಂದ ಸರ್ಕಾರ ಸೋತಿತು, ದೇಶ ಮತ್ತೆ ಚುನಾವಣೆಗೆ ಹೋಯಿತು. ಮಕ್ಕಳಿಗೆ ಮತವಿಲ್ಲ, ಆದರೂ ಅವರ ಪಾದರಕ್ಷೆಯ ಬೆಲೆ ಒಂದು ಸರ್ಕಾರವನ್ನು ಇಳಿಸಿತು. ಅವರ ಪರವಾಗಿ ಮಾತನಾಡುವವರು ಸದನದಲ್ಲಿದ್ದುದೇ ಅದಕ್ಕೆ ಕಾರಣ.

ಐರ್ಲೆಂಡಿನ ಈ ಅನುಭವ ಭಾರತಕ್ಕೆ ಅಪರಿಚಿತವಲ್ಲ. ಭಾರತದ ಸಂವಿಧಾನದ ರಚನೆಗೆ ಸಲಹೆಗಾರರಾಗಿದ್ದ ದಕ್ಷಿಣ ಕನ್ನಡ ಮೂಲದ ಬೆನಗಲ್ ನರಸಿಂಗ ರಾವ್ ಅವರು 1947ರಲ್ಲಿ ವಿದೇಶಗಳ ಸಂವಿಧಾನಗಳನ್ನು ಅಭ್ಯಾಸ ಮಾಡಲು ಪ್ರವಾಸ ಹೊರಟಾಗ ಐರ್ಲೆಂಡಿಗೂ ಹೋಗಿ ಡಿ ವೆಲೆರಾ ಅವರನ್ನು ಕಂಡು ಮಾತನಾಡಿದರು. ಭಾರತ ಸಂವಿಧಾನದಲ್ಲಿರುವ ರಾಜ್ಯನೀತಿಯ ನಿರ್ದೇಶಕ ತತ್ತ್ವಗಳಿಗೆ ಮಾದರಿ ದೊರೆತದ್ದು ಐರ್ಲೆಂಡಿನ ಸಂವಿಧಾನದಲ್ಲಿ. ಬಡವರ, ದುರ್ಬಲರ ಹಿತವನ್ನು ರಾಜ್ಯ ನೋಡಿಕೊಳ್ಳಬೇಕೆಂಬ ಅದೇ ಬಗೆಯ ಆಶಯವನ್ನು ಜಾನ್ಸನ್ನರು 1919ರಷ್ಟು ಹಿಂದೆಯೇ ಬರೆದಿಟ್ಟಿದ್ದರು.

2020ರಲ್ಲಿ ಐರ್ಲೆಂಡಿನಲ್ಲಿ ಇನ್ನೊಂದು ಸಂಗತಿ ನಡೆಯಿತು. ಅಂತರ್ಯುದ್ಧದ ಎರಡು ಪಾಳಯಗಳಿಂದ ಬೆಳೆದುಬಂದ ಫಿಯಾನ ಫಾಲ್ ಮತ್ತು ಫಿನ ಗೇಲ್ ಪಕ್ಷಗಳು ಮೊಟ್ಟಮೊದಲ ಬಾರಿಗೆ ಒಂದೇ ಸರ್ಕಾರದಲ್ಲಿ ಕೂಡಿ ಕುಳಿತವು. ಆ ದಿನ ಬರುವುದಕ್ಕೆ ಸುಮಾರು ಒಂದು ಶತಮಾನ ಹಿಡಿಯಿತು. ಅಷ್ಟು ಕಾಲ ಆ ಎರಡು ಪಕ್ಷಗಳೂ ಕಾದಾಡಿದ್ದು ಸದನದ ಒಳಗೆ, ಮಾತಿನಿಂದ.

ವಿರೋಧ ಪಕ್ಷದ ನಾಯಕನ ಸಾರ್ಥಕತೆಯನ್ನು ಅವನು ಗೆದ್ದ ಮತಗಳಿಂದ ಮಾತ್ರ ಅಳೆಯಲಾಗದು. ಜಾನ್ಸನ್ನರು ತಮ್ಮ ಹೋರಾಟಗಳಲ್ಲಿ ಬಹುಪಾಲು ಸೋತರು. ಹದಿನೇಳು ಮಂದಿಯೊಡನೆ ಅವರು ಆ ಸದನದಲ್ಲಿ ನಿಂತು ಪ್ರಶ್ನಿಸದೆ ಇದ್ದಿದ್ದರೆ ಅದು ಸರ್ಕಾರದ ಮಾತಿಗೆ ತಲೆದೂಗುವ ಸಭೆಯಾಗಿ ಉಳಿಯುತ್ತಿತ್ತು. ಹೊರಗಿದ್ದವರಿಗೆ ಒಳಗೆ ಬರಲು ಕಾರಣವೂ ಇರುತ್ತಿರಲಿಲ್ಲ. ಒಬ್ಬನ ಸೋತ ಮಾತು ದೇಶವೊಂದಕ್ಕೆ ಬಂದೂಕನ್ನು ಕೆಳಗಿಡುವ ಜಾಗವನ್ನು ಕಾಯ್ದಿಟ್ಟಿತು.